ಶಾಂತಿಯ ತೂಕ

ಏಕಾಂತಮ್ಮನಿಗೆ ಸೊಂಟನೋವು ಎಂದಿನಿಂದ ಎಂದು ಯಾರಾದರೂ ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ. ಅರವತ್ತು ದಾಟಿದ ಹೆಂಗಸು, ಹರೆಯದಲ್ಲಿ ಶೇಂಗಾ ಕಿತ್ತವಳು, ಕಳೆ ತೆಗೆದವಳು, ನೀರು ಹೊತ್ತವಳು. ಸೊಂಟ ನೋಯದೆ ಇನ್ನೇನು ನೋಯಬೇಕು ಎಂಬುದು ಧರ್ಮಪುರದ ಆ ಕಡೆ ಹಳ್ಳಿಗಳಲ್ಲಿ ಎಲ್ಲರ ಮಾತು. ಬೆಳಿಗ್ಗೆ ಏಳುವಾಗ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದನ್ನು ಮಂಡಿಗೆ ಊರಿ, ‘ಶಿವನೇ’ ಎಂದು ಎದ್ದು ನಿಂತರೆ ಒಲೆಯ ತನಕ ಹೋಗುವಷ್ಟರಲ್ಲಿ ನಡು ಒಂದಿಷ್ಟು ಸಡಿಲವಾಗುತ್ತಿತ್ತು. ಆಮೇಲೆ ಮಗಳನ್ನು ಎತ್ತಬೇಕು.

ಮಗಳು ಶಾಂತಿಗೆ ನಲವತ್ತರ ಹತ್ತಿರ. ತಪ್ಪುಹೆಜ್ಜೆ ಹಾಕುವುದನ್ನು ಕಲಿತ ಹೊಸದರಲ್ಲೇ ಅವಳಿಗೆ ಜ್ವರ ಬಂದಿತ್ತು. ಜ್ವರ ಇಳಿಯಿತು, ಕಾಲುಗಳು ಮತ್ತೆ ಏಳಲಿಲ್ಲ. ನಡುವಿಗೂ ಬಲವಿಲ್ಲ, ತೋಳಿಗೂ ಬಲವಿಲ್ಲ. ಬೆರಳುಗಳನ್ನು ಮಾತ್ರ ಆ ಜ್ವರ ಮುಟ್ಟಿರಲಿಲ್ಲ. ಗೋಡೆಗೆ ಒರಗಿಸಿ, ಎರಡೂ ಪಕ್ಕ ದಿಂಬು ಕೊಟ್ಟು ಕೂರಿಸಿಬಿಟ್ಟರೆ ಮಡಿಲಿಗೆ ಸೇವಂತಿಗೆ ಸುರಿದುಕೊಂಡು ಸಂಜೆಯ ತನಕ ಹೂ ಕಟ್ಟುತ್ತಿದ್ದಳು. ಪಕ್ಕದ ಮನೆಯ ಮಂಗಳಾ ಬೆಳಿಗ್ಗೆ ತೋಟಗಳಿಂದ ಹೂ ತಂದು ಹಾಕಿ ಹೋಗುವಳು, ಸಂಜೆ ಮಾಲೆಗಳನ್ನು ಒಯ್ದು ಧರ್ಮಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮಾರುವಳು. ಶಾಂತಿ ಕಟ್ಟಿದ ಹೂವಿನಲ್ಲಿ ನೂಲು ಕಾಣುತ್ತಿರಲಿಲ್ಲ, ಅಷ್ಟು ಒತ್ತು. ಬಾಯಿಯೂ ಅಷ್ಟೇ, ಒಂದರ ಹಿಂದೆ ಒಂದು ಮಾತು. ಕೂತಲ್ಲಿಂದಲೇ ಕೇರಿಯ ಎಲ್ಲ ಮನೆಯ ಸುದ್ದಿ ಅವಳಿಗೆ ಗೊತ್ತಿರುತ್ತಿತ್ತು.

ಗಂಡ ಮುದ್ದಪ್ಪ ಇರುವ ತನಕ ಇಬ್ಬರೂ ಸೇರಿ ಮಗಳನ್ನು ಎತ್ತುತ್ತಿದ್ದರು, ಅವನು ತೋಳಿನ ಕಡೆ, ಇವಳು ಮಂಡಿಯ ಕಡೆ. ಅವನು ಹೋದ ಮೇಲೆ ಏಕಾಂತಮ್ಮನೊಬ್ಬಳೇ. ಮಂಚದ ಅಂಚಿಗೆ ಮೊಣಕಾಲು ಒತ್ತಿ ನಿಂತು, ಒಂದು ತೋಳನ್ನು ಮಗಳ ಬೆನ್ನಿನ ಕೆಳಗೆ, ಇನ್ನೊಂದನ್ನು ಮಂಡಿಗಳ ಕೆಳಗೆ ತೂರಿಸುವಳು. ಶಾಂತಿ ಅವ್ವನ ಕುತ್ತಿಗೆಗೆ ಕೆನ್ನೆ ಒತ್ತಿ, “ಹೂಂ, ಎತ್ತು” ಎನ್ನುವಳು. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ನಡುಮನೆಗೆ, ನಡುಮನೆಯಿಂದ ಮತ್ತೆ ಬಚ್ಚಲಿಗೆ. ದಿನಕ್ಕೆ ಎಷ್ಟು ಸಲ ಎಂದು ಯಾವ ತಾಯಿ ಲೆಕ್ಕ ಇಟ್ಟಾಳು? ನೋವಿನ ಮಾತು ಮನೆಯಲ್ಲಿ ಬರುತ್ತಿರಲಿಲ್ಲ. ಬಂದರೆ ಅದು ಯಾರ ಕಡೆಗೆ ಬೆರಳು ಮಾಡುತ್ತದೆಂದು ಏಕಾಂತಮ್ಮನಿಗೆ ಗೊತ್ತಿತ್ತು. ಹಾಗಾಗಿ ಅವಳು ನಡುವಿಗೆ ಸೀರೆಯ ಸೆರಗನ್ನೇ ಬಿಗಿಯಾಗಿ ಸುತ್ತಿಕೊಂಡು ಸುಮ್ಮನಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಗಳನ್ನು ಬಚ್ಚಲಿನಿಂದ ಎತ್ತಿ ತರುವಾಗ ಹೊಸಿಲ ಹತ್ತಿರ ಏಕಾಂತಮ್ಮನ ಸೊಂಟದೊಳಗೆ ಏನೋ ಕಳಕ್ಕೆಂದಿತು. ಕೂಗಲು ಉಸಿರೇ ಇರಲಿಲ್ಲ. ಮಗಳ ತಲೆ ನೆಲಕ್ಕೆ ಬಡಿಯದಂತೆ ತಾನೇ ಕೆಳಗಾಗಿ ಕುಸಿದಳು. ಶಾಂತಿ ಅವಳ ಎದೆಯ ಮೇಲೆ ಬಿದ್ದಳು.

“ಅವ್ವ, ಏನಾತು?”

“ಏನಿಲ್ಲ. ಜಾರ್ತು. ನಿಂಗೇನಾರ ತಗಲ್ತಾ?”

“ನನಗೇನಾಗ್ಲಿಲ್ಲ. ನಾನು ನಿನ್ನ ಮ್ಯಾಲೆ ಬಿದ್ದಿದೀನಿ. ಏಳು.”

ಏಕಾಂತಮ್ಮ ಏಳಲು ನೋಡಿದಳು. ಸೊಂಟದ ಕೆಳಗೆ ಬೆಂಕಿ ಹೊತ್ತಿದಂತಾಗಿ ಕಣ್ಣು ಕತ್ತಲೆಗಟ್ಟಿತು. ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುವುದಷ್ಟೇ ಅವಳಿಂದಾಯಿತು. ಇಬ್ಬರೂ ತಣ್ಣನೆ ನೆಲದ ಮೇಲೆ ಅಕ್ಕಪಕ್ಕ ಮಲಗಿ ಮೇಲಿನ ತೊಲೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಶಾಂತಿ, “ನಾನು ನಲವತ್ತು ವರ್ಷ ಹಿಂಗೇ ಮಲಗಿದೀನಿ ನೋಡವ್ವ. ನಿಂಗೆ ಇವತ್ತು ಗೊತ್ತಾಗ್ತೈತೆ” ಎಂದಳು. ಏಕಾಂತಮ್ಮನಿಗೆ ಆ ನೋವಿನಲ್ಲೂ ನಗು ಬಂತು. ನಕ್ಕಿದ್ದಕ್ಕೆ ನಡು ಮತ್ತೆ ಹಿಡಿದು ಅವಳ ಮುಖ ಕಿವುಚಿಕೊಂಡಿತು. ಶಾಂತಿ ಕತ್ತು ಹೊರಳಿಸಿ ಆ ಮುಖವನ್ನೇ ನೋಡುತ್ತಿದ್ದಳು.

ಹೂ ತಂದ ಮಂಗಳಾ ಬಾಗಿಲು ತಳ್ಳಿ ನೋಡಿ, ಬುಟ್ಟಿ ಅಲ್ಲೇ ಬಿಟ್ಟು ಗಂಡನನ್ನೂ ಅಕ್ಕಪಕ್ಕದವರನ್ನೂ ಕರೆದಳು. ಮಧ್ಯಾಹ್ನದ ಹೊತ್ತಿಗೆ ಚಿತ್ರದುರ್ಗದಿಂದ ಮಗ ಹನುಮೇಶ್ ಬಂದ. ಅಲ್ಲಿಯ ಕಾಲೇಜೊಂದರಲ್ಲಿ ಅವನು ಅಟೆಂಡರ್. ಜೊತೆಯಲ್ಲಿ ಹೆಂಡತಿ ಸುಚಿತ್ರಾ ಬಂದಿದ್ದಳು. ಶಾಂತಿಯ ಹತ್ತಿರ ಅವಳನ್ನು ಬಿಟ್ಟು ಹನುಮೇಶ್ ಅವ್ವನನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚಿತ್ರದುರ್ಗಕ್ಕೆ ಕರೆದೊಯ್ದ.

ಮೂಳೆ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಎಕ್ಸ್‌ರೇ ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. “ಇಲ್ಲಿ ನೋಡ್ರಿ ಅಮ್ಮ. ಮೂಳೆ ಒಳಗೊಳಗೇ ಟೊಳ್ಳಾಗೈತೆ. ಇದೊಂದು ಮೂಳೆ ಕುಸಿದು ಚಪ್ಪಟೆ ಆಗೈತೆ. ಇವತ್ತಿನ ನೋವು ಇದು. ಇದಕ್ಕೆ ಮುಂಚಿನ ನೋವು ಎಷ್ಟು ವರ್ಷದ್ದೋ.”

“ವಯಸ್ಸಾದ ಮ್ಯಾಲೆ ಇದೆಲ್ಲ ಇದ್ದಿದ್ದೇ ಅಲ್ಲೇನ್ರಿ ಸಾರ್?”

“ವಯಸ್ಸಾಯ್ತು ಅಂತ ಎಲ್ಲಾರ ಮೂಳೆ ಕುಸಿಯಲ್ಲ. ಮುಂಚೆನೇ ಬಂದಿದ್ರೆ ಇಷ್ಟಕ್ಕೆ ಬರ್ತಿರಲಿಲ್ಲ. ಮಾತ್ರೆ ಕೊಡ್ತೀನಿ, ಬೆಲ್ಟ್ ಕೊಡ್ತೀನಿ. ಬರೀ ಮಲಗಿರಬ್ಯಾಡ್ರಿ, ನೋವು ಇಳಿದಂಗೆ ಮೆಲ್ಲಗೆ ಓಡಾಡ್ರಿ. ಆದ್ರೆ ಭಾರ ಎತ್ತಬಾರದು. ಒಂದು ಕೊಡ ನೀರು ಕೂಡ. ಮನೆಯಲ್ಲಿ ಏನು ಎತ್ತುತೀರಿ ನೀವು?”

ಏಕಾಂತಮ್ಮ ಮಗನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. “ಮಗಳನ್ನ ಎತ್ತತೀನಿ ಸಾರ್” ಎಂದಳು.

ಡಾಕ್ಟರು ಶಾಂತಿಯ ವಿಷಯ ಎಲ್ಲ ಕೇಳಿಕೊಂಡರು. ಕೇಳಿ ಪೆನ್ನು ಕೆಳಗಿಟ್ಟರು. “ಬೇರೆ ಯಾರಾದ್ರೂ ಎತ್ತಬೇಕಮ್ಮ. ಇನ್ನೊಂದು ಮೂಳೆ ಹಿಂಗೇ ಕುಸಿದು ನರ ಒತ್ತಿದ್ರೆ ನಿಮ್ಮ ಕಾಲಿಗೇ ಬಲ ಇಲ್ದಂಗಾಗಬಹುದು. ಆಮೇಲೆ ನಿಮ್ಮನ್ನ ಎತ್ತೋರು ಬೇಕಾಗ್ತಾರೆ.”

ಹನುಮೇಶ್ ಕೆಟ್ಟವನಲ್ಲ, ಸುಚಿತ್ರಾಳೂ ಕೆಟ್ಟವಳಲ್ಲ. ಅವರಿದ್ದ ಬಾಡಿಗೆ ಮನೆ ಮಹಡಿಯ ಮೇಲಿತ್ತು, ಮೆಟ್ಟಿಲು ಕಡಿದಾಗಿ, ಇಬ್ಬರು ಒಟ್ಟಿಗೆ ಇಳಿಯಲಾರದಷ್ಟು ಇಕ್ಕಟ್ಟು. ಅಲ್ಲಿಗೆ ಶಾಂತಿಯನ್ನು ಒಯ್ದರೆ ಮತ್ತೆ ಕೆಳಗಿಳಿಸುವಂತಿಲ್ಲ. ಊರಿಗೆ ಮರಳಿದ ಮೇಲೆ ಅವನು ಜಗಲಿಯಲ್ಲಿ ಕೂತು ಹೆಂಡತಿಗೂ ಮಂಗಳಾಗೂ ಡಾಕ್ಟರು ಅಂದಿದ್ದನ್ನೆಲ್ಲ ಹೇಳಿದ. ಕೆಳಗಿನ ಮನೆ ಒಂದು ಹುಡುಕುತ್ತೇನೆ, ಸಿಕ್ಕ ಕೂಡಲೇ ಇಬ್ಬರನ್ನೂ ಕರಕೊಂಡು ಹೋಗುತ್ತೇನೆ, ಅಲ್ಲಿಯ ತನಕ ಬೆಳಿಗ್ಗೆ ಸಂಜೆ ಬಂದು ಎತ್ತಿಕೊಡಬೇಕು ಎಂದು ಮಂಗಳಾಳನ್ನು ಕೇಳಿಕೊಂಡ. ಮಂಗಳಾ ಒಪ್ಪಿದಳು. ಜಗಲಿಗೂ ನಡುಮನೆಗೂ ನಡುವೆ ಇದ್ದದ್ದು ಒಂದು ಬಾಗಿಲು, ಅದೂ ತೆರೆದಿತ್ತು. ‘ಕಾಲಿಗೇ ಬಲ ಇಲ್ದಂಗಾಗಬಹುದು’ ಎಂಬ ಮಾತಿಗೆ ಹನುಮೇಶ್ ದನಿ ತಗ್ಗಿಸಿದ್ದ. ಆದರೆ ಶಾಂತಿ ದನಿ ತಗ್ಗಿಸಿದ್ದನ್ನು ಕೇಳಿಸಿಕೊಂಡೇ ಬೆಳೆದವಳು.

ಹೋಗುವ ಮುಂಚೆ ಅವನು ಅಕ್ಕನ ಪಕ್ಕ ಕೂತು ದೊಡ್ಡವರಿಗೆ ಕಟ್ಟುವ ಡೈಪರಿನ ಕಟ್ಟು ತೆಗೆದಿಟ್ಟ. “ಅಕ್ಕ, ಮಧ್ಯಾಹ್ನದ ಹೊತ್ತು ಮಂಗಳಕ್ಕ ಇರಲ್ಲ. ಆಗ ಮಾತ್ರ” ಎಂದ. ಹೇಳುವಾಗ ಅವನ ಕಿವಿ ಕೆಂಪಾಗಿತ್ತು.

ಶಾಂತಿ ಅದನ್ನು ಕೈಯಿಂದ ಸರಿಸಿದಳು. “ಅದರಾಗೆ ಕುಂತು ದೇವರ ಹೂ ಹೆಂಗೆ ಕಟ್ಟಲಿ? ನನಗೆ ಮಧ್ಯಾಹ್ನ ಬೇಕಾಗಲ್ಲ ಬಿಡು. ನೀನು ಮನೆ ನೋಡು ಹೋಗು.”

ಮೊದಲ ದಿನಗಳಲ್ಲಿ ಏಕಾಂತಮ್ಮ ಮಂಚ ಬಿಟ್ಟು ಏಳಲಿಲ್ಲ. ಸುಚಿತ್ರಾ ರಜೆ ಹಾಕಿ ಇದ್ದು ಇಬ್ಬರನ್ನೂ ನೋಡಿಕೊಂಡಳು. ಆಮೇಲೆ ಅವಳು ಹೋಗಲೇಬೇಕಾಯಿತು, ಅವಳದು ಖಾಸಗಿ ಶಾಲೆಯ ಕೆಲಸ. ಸಂಕ್ರಾಂತಿಯ ಹೊತ್ತಿಗೆ ಏಕಾಂತಮ್ಮ ಬೆಲ್ಟು ಕಟ್ಟಿಕೊಂಡು ಒಲೆ ಮುಂದೆ ನಿಲ್ಲುವಂತಾದಳು. ಮಂಗಳಾ ಹೇಳಿದಂತೆ ಬಂದು ಎತ್ತಿಕೊಡುತ್ತಿದ್ದಳು. ಒಂದೊಂದು ದಿನ ಅವಳಿಗೂ ಮದುವೆ, ಸಂತೆ, ಜ್ವರ. ಅಂಥ ಒಂದು ದಿನ ಬೆಳಿಗ್ಗೆ ಎಷ್ಟು ಕಾದರೂ ಮಂಗಳಾ ಬರಲಿಲ್ಲ.

“ನಾನೇ ಎತ್ತತೀನಿ” ಎಂದಳು ಏಕಾಂತಮ್ಮ.

“ಬ್ಯಾಡವ್ವ. ಬರ್ತಾಳೆ, ಇರು.”

“ಎಷ್ಟೊತ್ತಂತ ಇರ್ತೀಯ? ಬೆಲ್ಟ್ ಐತೆ.”

ಹೆದರಿ ಹೆದರಿ ತೋಳು ತೂರಿಸಿದಳು. ಎತ್ತಿದಳು. ನೋವು ಬರಲಿಲ್ಲ ಎಂದಲ್ಲ, ಬಂತು. ಆದರೆ ಮೊದಲಿನಂತೆ ಅಲ್ಲ. ಬಚ್ಚಲಿಗೆ ಹೋಗಿ ಮರಳಿ ಬಂದು ಮಗಳನ್ನು ದಿಂಬುಗಳ ನಡುವೆ ಕೂರಿಸಿ ನೆಟ್ಟಗೆ ನಿಂತಾಗ ಅವಳಿಗೆ ನಂಬಿಕೆಯೇ ಬರಲಿಲ್ಲ. “ನೋಡಿದ್ಯಾ? ಆ ಡಾಕ್ಟ್ರ ಕೈಗುಣ ಕಣೇ. ಮೂಳೆ ಕೂಡ್ಕಂಡೈತೆ” ಎಂದಳು.

“ಹೂಂ ಕಣವ್ವ. ಬೆಲ್ಟ್ ಚೆನ್ನಾಗೈತೆ” ಎಂದಳು ಶಾಂತಿ.

ಆಮೇಲೆ ದಿನದಿಂದ ದಿನಕ್ಕೆ ಹಗುರವೆನಿಸತೊಡಗಿತು. ಮಂಗಳಾ ಬರದ ದಿನ ಏಕಾಂತಮ್ಮ ಈಗ ಕಾಯುತ್ತಿರಲಿಲ್ಲ. ಮಗನಿಗೆ ಫೋನಿನಲ್ಲಿ, “ಅವಸರ ಏನಿಲ್ಲಪ್ಪ, ನಿಧಾನಕ್ಕೆ ಒಳ್ಳೆ ಮನೆ ನೋಡು, ನನಗೀಗ ಎಷ್ಟೋ ವಾಸಿ” ಎಂದಳು. ಕೇರಿಯಲ್ಲಿ ಸೊಂಟ ಹಿಡಿದು ಕೂತ ಮುದುಕಿಯರಿಗೆಲ್ಲ ಬೆಲ್ಟು ತೋರಿಸಿ, ದುರ್ಗಕ್ಕೆ ಹೋಗಿ ಬರ್ರಿ ಎಂದು ಬುದ್ಧಿ ಹೇಳಿದಳು. ಎಷ್ಟೋ ವರ್ಷದ ಮೇಲೆ ಬೆಳಿಗ್ಗೆ ಗೋಡೆ ಹಿಡಿಯದೆ ಎದ್ದಳು. ಮಧ್ಯಾಹ್ನ ಶಾಂತಿ ಬಚ್ಚಲಿಗೆ ಕೇಳುತ್ತಲೇ ಇರಲಿಲ್ಲ. ಅದೂ ಒಂದು ರೂಢಿಯಾಗಿ ಹೋಯಿತಲ್ಲ, ಒಳ್ಳೆಯದಾಯಿತು ಎಂದುಕೊಂಡಳು. ಮಗಳ ಪಕ್ಕ ಬೆಳಿಗ್ಗೆ ತುಂಬಿಸಿಟ್ಟ ನೀರಿನ ಚೊಂಬು ಸಂಜೆಗೆ ಖಾಲಿಯಾಗಿರುತ್ತಿತ್ತು. ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿದರೆ, “ಕೂತೇ ಇರ್ತೀನಲ್ಲವ್ವ, ಅರಗಬೇಕಲ್ಲ” ಎಂಬ ಉತ್ತರ.

ಮಂಗಳಾಳೇ ಮೊದಲು ಹೇಳಿದ್ದು. “ಏಕಾಂತಕ್ಕ, ಶಾಂತಿ ಯಾಕೋ ಇಳಿದು ಹೋಗಿದಾಳೆ ನೋಡು. ರವಿಕೆ ತೋಳು ಜೋತು ಬಿದ್ದೈತೆ.”

“ಚಳಿಗಾಲ ಅಲ್ಲೇನೆ, ಎಲ್ರೂ ಒಣಗ್ತಾರೆ” ಎಂದಿದ್ದಳು ಏಕಾಂತಮ್ಮ. ಹಾಗೆ ಅಂದದ್ದು ಅವಳಿಗೆ ಮುಂದೆ ಎಂದೂ ಮರೆಯಲಿಲ್ಲ.

ಇನ್ನೊಂದು ಸಂಜೆ ಮಂಗಳಾ ಮಾಲೆ ಎತ್ತಿಕೊಂಡು ಗೊಣಗಿದಳು. “ಇಷ್ಟೊಂದು ನೀರು ಯಾಕೆ ಹೊಡಿತೀಯೆ ಶಾಂತಿ? ಸೋರ್ತಾವೆ ನೋಡು. ನೆನ್ನೆವು ನಡುನಡುವೆ ಕೊಳೆತಿದ್ದವಂತೆ, ಗಿರಾಕಿ ಬಂದು ಬೈದು ಹೋದ್ರು.”

“ಬಿಸಿಲಿಗೆ ಬಾಡ್ತಾವೆ ಅಂತ” ಎಂದಳು ಶಾಂತಿ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಏಕಾಂತಮ್ಮ ಒಲೆಯ ಮುಂದೆ ಸೊಪ್ಪು ಸೋಸುತ್ತಾ ಆ ಮಾತು ಕೇಳಿದಳು. ಕೇಳಿ, ಸೊಪ್ಪು ಸೋಸುವುದನ್ನು ಮುಂದುವರಿಸಿದಳು.

ಶಿವರಾತ್ರಿಯ ಮರುದಿನ ಶಾಂತಿಗೆ ಚಳಿ ಬಂತು. ಹಲ್ಲು ಕಟಕಟ ಎನ್ನುವ ಚಳಿ, ಅದರ ಹಿಂದೆಯೇ ಸುಡುವ ಜ್ವರ. ಬೆನ್ನಿನ ಪಕ್ಕ ಮುಟ್ಟಿದರೆ ಕಿರುಚಿದಳು. ಮಾತು ಅಡ್ಡಾದಿಡ್ಡಿಯಾಯಿತು. ಮಂಗಳಾ ಊರಲ್ಲಿರಲಿಲ್ಲ. ಆಟೋದವನನ್ನು ಕರೆದು ಏಕಾಂತಮ್ಮ ತಾನೇ ಮಗಳನ್ನು ಎತ್ತಿದಳು. ಬಾಗಿಲು ದಾಟಿ, ಜಗಲಿ ಇಳಿದು, ಆಟೋದ ತನಕ ನಡೆದಳು. ಸೊಂಟ ಏನೂ ಅನ್ನಲಿಲ್ಲ. ಆಟೋದ ಸೀಟಿಗೆ ಮಗಳನ್ನು ಇಳಿಸುವಾಗ, ಅವಳ ಮಂಡಿಗಳ ಕೆಳಗಿದ್ದ ತನ್ನ ತೋಳಿನ ಮೇಲೆ ಭಾರವೇ ಇಲ್ಲವೆಂಬುದು ಆಗ ಅವಳಿಗೆ ಹೊಳೆಯಿತು. ಮೂಳೆ ಕೂಡಿಕೊಂಡಿದ್ದಲ್ಲ, ಬೆಲ್ಟು ಗುಣ ಮಾಡಿದ್ದಲ್ಲ. ತಾನು ಇಷ್ಟು ದಿನ ಹಗುರವಾಯಿತೆಂದು ಹಿಗ್ಗಿದ್ದು ಇದಕ್ಕೆ.

ಹಿರಿಯೂರಿನ ಆಸ್ಪತ್ರೆಯಲ್ಲಿ ನೋಡಿದವರು ಸೂಜಿ ಚುಚ್ಚಿ, ಗ್ಲುಕೋಸ್ ಏರಿಸಿ, ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ವಾರ್ಡಿನ ಡಾಕ್ಟರಮ್ಮ, ಸಣ್ಣ ವಯಸ್ಸಿನವಳು, ಹನುಮೇಶನನ್ನು ಪಕ್ಕಕ್ಕೆ ಕರೆದಳು. ಏಕಾಂತಮ್ಮನೂ ಹಿಂದೆಯೇ ಹೋಗಿ ನಿಂತಳು. ಮೂತ್ರದಲ್ಲಿ ಸೋಂಕಾಗಿ ಕಿಡ್ನಿಗೆ ಹತ್ತಿದೆ, ರಕ್ತಕ್ಕೂ ಸೇರಿದೆ, ಮೈಯಲ್ಲಿ ನೀರೂ ಇಲ್ಲ ಶಕ್ತಿಯೂ ಇಲ್ಲ ಎಂದಳು. “ದಿನಕ್ಕೆ ಎಷ್ಟು ನೀರು ಕುಡೀತಿದ್ರು ಇವರು?”

“ಒಂದು ಚೊಂಬು ಇಡ್ತಿದ್ದೆ. ಖಾಲಿ ಆಗ್ತಿತ್ತು” ಎಂದಳು ಏಕಾಂತಮ್ಮ. ಹೇಳುತ್ತಿದ್ದಂತೆ ಸೋರುವ ಮಾಲೆಗಳು ಕಣ್ಣಿಗೆ ಬಂದವು. ಅವಳು ಅಲ್ಲೇ ಗೋಡೆಗೆ ಒರಗಿ ನಿಂತಳು.

ಎರಡನೆಯ ದಿನ ಜ್ವರ ಸ್ವಲ್ಪ ಇಳಿದು ಶಾಂತಿಗೆ ಎಚ್ಚರ ಬಂತು. ಹನುಮೇಶ್ ಔಷಧಿ ತರಲು ಹೋಗಿದ್ದ. ಏಕಾಂತಮ್ಮ ಸ್ಟೂಲಿನ ಮೇಲೆ ಕೂತು ಮಗಳ ಬೆರಳುಗಳನ್ನು ಹಿಡಿದಿದ್ದಳು.

“ನೀರು ಹೂವಿಗೆ ಹಾಕ್ತಿದ್ಯಾ?” ಎಂದು ಕೇಳಿದಳು.

ಶಾಂತಿ ಕಣ್ಣು ಮುಚ್ಚಿದಳು. “ಬಾಯಾರ್ತಿರಲಿಲ್ಲ.”

“ಸುಳ್ಳು ಹೇಳಬ್ಯಾಡ.”

“ಕುಡಿದ್ರೆ ಹೋಗಬೇಕಾಗ್ತಿತ್ತಲ್ಲವ್ವ. ಹೋಗಬೇಕು ಅಂದ್ರೆ ನೀನು ಎತ್ತಬೇಕಾಗ್ತಿತ್ತು.” ಸ್ವಲ್ಪ ಹೊತ್ತು ಉಸಿರು ತಗೊಂಡಳು. “ಅವತ್ತು ನೆಲದ ಮ್ಯಾಲೆ ನಿನ್ನ ಮುಖ ನೋಡಿದ್ನಲ್ಲ. ನೀನೂ ನನ್ನಂಗೆ ಆಗ್ಬಿಟ್ರೆ ಅಂತ. ತಮ್ಮ ಮನೆ ನೋಡೋ ತನಕ ಅಂತ ಅಂದ್ಕಂಡಿದ್ದೆ. ಇಷ್ಟಾಗ್ತೈತೆ ಅಂತ ಗೊತ್ತಿರಲಿಲ್ಲ.”

“ನನ್ನ ಕೇಳಬೇಕಿತ್ತು ನೀನು. ನನ್ನ ಒಂದು ಮಾತು ಕೇಳಬೇಕಿತ್ತು.”

“ಕೇಳಿದ್ರೆ ಬಿಡ್ತಿದ್ಯಾ?” ಶಾಂತಿಯ ಒಣಗಿದ ತುಟಿ ನಗಲು ನೋಡಿತು. “ನೋವು ಐತೆ ಅಂತ ನೀನು ಯಾವತ್ತಾರ ನನಗೆ ಹೇಳಿದ್ಯಾ?”

ಏಕಾಂತಮ್ಮ ಮಗಳ ಅಂಗೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ನರ್ಸ್ ಬಂದು ಬಾಟಲಿ ಬದಲಿಸಿ ಹೋದಳು. ಪಕ್ಕದ ಹಾಸಿಗೆಯವರು ಇತ್ತ ನೋಡಿ ಮುಖ ತಿರುಗಿಸಿಕೊಂಡರು.

ಆ ಮಧ್ಯಾಹ್ನ ಸ್ಕ್ಯಾನಿಂಗಿಗೆ ಒಯ್ಯಬೇಕಾಗಿ ಬಂತು. ಸ್ಟ್ರೆಚರಿಗೆ ಎತ್ತಲು ಹನುಮೇಶ್ ಬಗ್ಗಿದ. ಅಕ್ಕನನ್ನು ಎತ್ತಿ ಅವನಿಗೆ ರೂಢಿಯಿಲ್ಲ, ಎತ್ತುವುದು ಯಾವಾಗಲೂ ಅಪ್ಪ ಅವ್ವನ ಕೆಲಸವಾಗಿತ್ತು. ಬಗಲಿಗೆ ಕೈ ಹಾಕಿ ಎಳೆದ. ಶಾಂತಿ ನರಳಿದಳು.

“ಹಂಗಲ್ಲ ಕಣಪ್ಪ” ಎಂದಳು ಏಕಾಂತಮ್ಮ. “ಮಂಚಕ್ಕೆ ಮೊಣಕಾಲು ಒತ್ತಿ ನಿಂತ್ಕ. ಒಂದು ಕೈ ಬೆನ್ನಿಗೆ. ಇನ್ನೊಂದು ಮಂಡಿ ಕೆಳಗೆ. ಅವಳ ಮುಖ ನಿನ್ನ ಕುತ್ತಿಗೆಗೆ ಬರಲಿ. ಈಗ ಅವಳು ಹೂಂ ಅಂತಾಳೆ, ಆಗ ಎತ್ತು.”

ಶಾಂತಿ ತಮ್ಮನ ಕುತ್ತಿಗೆಗೆ ಕೆನ್ನೆ ಇಟ್ಟಳು. “ಹೂಂ, ಎತ್ತು” ಎಂದಳು.

ಅವನು ಎತ್ತಿದ. ಎತ್ತಿದವನ ಮುಖ ಬದಲಾಯಿತು. ಬೆಳೆದ ಹೆಂಗಸಿನ ಭಾರಕ್ಕೆಂದು ಮೈ ಬಿಗಿ ಮಾಡಿಕೊಂಡಿದ್ದ, ಅಂಥ ಭಾರ ಅಲ್ಲಿರಲಿಲ್ಲ. ಅವನು ಅವ್ವನ ಕಡೆ ನೋಡಿದ. ಏಕಾಂತಮ್ಮ ತಲೆ ಎತ್ತಲಿಲ್ಲ.

“ಕಲ್ತ್ಕಂಡ ನೋಡವ್ವ. ಇನ್ನ ನೀನು ಆರಾಮ” ಎಂದಳು ಶಾಂತಿ. ಅವಳು ನೆಟ್ಟಗೆ ಆಡಿದ ಕೊನೆಯ ಮಾತು ಅದು. ಸಂಜೆಗೆ ಜ್ವರ ಮತ್ತೆ ಏರಿತು. ಐಸಿಯುಗೆ ಒಯ್ದರು. ಮಾರನೆಯ ಬೆಳಿಗ್ಗೆ ಹೊರಗೆ ಕಾಫಿ ಮಾರುವವನು ಕೂಗುತ್ತಿರುವಾಗ ಡಾಕ್ಟರಮ್ಮ ಬಾಗಿಲು ತೆರೆದು ಬಂದು ಹನುಮೇಶನ ಭುಜ ಮುಟ್ಟಿದಳು.

ಊರಿಗೆ ತಂದು ಮುದ್ದಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಮಂಗಳಾ ಅಂದಿನ ಹೂವನ್ನೆಲ್ಲ ತಾನೇ ಕಟ್ಟಿ ತಂದಳು. ಮಾಲೆಯ ತುಂಬ ನೂಲು ಕಾಣುತ್ತಿತ್ತು.

ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು. “ನಿನ್ನ ಕಣ್ಣ ಮುಂದೆ ಹೋದ್ಲು ಏಕಾಂತಮ್ಮ. ನೀನು ಮೊದಲು ಹೋಗಿದ್ರೆ ಅವಳ ಗತಿ ಏನಾಗ್ತಿತ್ತು ಹೇಳು? ದೇವರು ದೊಡ್ಡವನು, ಇಬ್ರನ್ನೂ ಪಾರು ಮಾಡಿದ. ಇನ್ನ ಮ್ಯಾಲೆ ನಿನ್ನ ಸೊಂಟಕ್ಕೂ ಒಂದಿಷ್ಟು ಬಿಡುವು.” ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಏಕಾಂತಮ್ಮ ತಲೆಯಾಡಿಸಿದಳು. ನನಗಿಂತ ಒಂದು ದಿನ ಮುಂಚೆ ನನ್ನ ಮಗಳನ್ನು ಕರಕೋ ಎಂದು ಅವಳೇ ಪ್ರತಿ ಸೋಮವಾರ ಕೈ ಮುಗಿದು ಬೇಡಿದ್ದಳು. ಮುದ್ದಪ್ಪ ಹೋದ ಮೇಲಂತೂ ಅದೊಂದನ್ನು ಬಿಟ್ಟು ಬೇರೆ ಬೇಡಿರಲಿಲ್ಲ. ಬೇಡುವಾಗ ಒಂದೇ ದಿನ ಎಂದು ಬೇಡಿದ್ದಳು. ಈಗ ದಿನದ ಮೇಲೆ ದಿನ ಕಳೆಯುತ್ತಿತ್ತು. ಬೆಳಿಗ್ಗೆ ಎದ್ದು ಮಗಳ ಮಂಚದ ಹತ್ತಿರ ಹೋಗಿ ಮೊಣಕಾಲು ಒತ್ತಿ ನಿಂತ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು. ತೋಳುಗಳು ಏನನ್ನೋ ಮರೆತು ಬಂದವರಂತೆ ಎರಡೂ ಪಕ್ಕ ಜೋತಾಡುತ್ತಿದ್ದವು.

ಹನುಮೇಶ್ ನೋಡುತ್ತಿದ್ದ ಕೆಳಗಿನ ಮನೆ ಯುಗಾದಿಯ ಹೊತ್ತಿಗೆ ಸಿಕ್ಕಿತು. ಬೇಡವೆಂದರೂ ಬಿಡದೆ ಅವ್ವನನ್ನು ಕರೆತಂದ. ಸುಚಿತ್ರಾ ದಿನಾ ಸಂಜೆ ಶಾಲೆಯಿಂದ ಬಂದು ಅತ್ತೆಯನ್ನು ರಸ್ತೆಯ ಕೊನೆಯ ತನಕ ನಡೆಸಿಕೊಂಡು ಹೋಗುವಳು, ಮಾತಾಡಿಸುವಳು, ಕೆಲವು ದಿನ ಮಾತಾಡಿಸದೆಯೂ ಜೊತೆ ನಡೆಯುವಳು. ಏಕಾಂತಮ್ಮ ಹೇಳಿದಷ್ಟು ತಿಂದಳು, ಹೇಳಿದಷ್ಟು ನಡೆದಳು. ಒಂದು ದಿನ ಹನುಮೇಶ್ ಅವಳನ್ನು ಮತ್ತೆ ಆ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರಿಗೆ ಅವಳ ಗುರುತು ಸಿಕ್ಕಿತು. ಹೊಸ ಎಕ್ಸ್‌ರೇ ಬೆಳಕಿಗೆ ಹಿಡಿದು ತೃಪ್ತಿಯಿಂದ ನೋಡಿದರು. “ಪರವಾಗಿಲ್ಲಮ್ಮ. ಚೆನ್ನಾಗಿ ಕೂಡಿಕೊಂಡೈತೆ. ಮತ್ತೆ ಯಾವುದೂ ಕುಸಿದಿಲ್ಲ. ನೀವು ಮಾತು ಕೇಳಿದೀರಿ. ಭಾರ ಎತ್ತಿಲ್ಲ ಅಲ್ಲಾ?”

“ಇಲ್ಲ ಸಾರ್. ಭಾರ ಇರಲಿಲ್ಲ.”

“ನೋವು ಹೆಂಗೈತೆ?”

“ಅಷ್ಟೊಂದಿಲ್ಲ.”

ಅವರು ಮಾತ್ರೆಯ ಚೀಟಿ ಬರೆಯುತ್ತಾ ತಲೆ ಎತ್ತದೆ ಕೇಳಿದರು. “ಮಗಳು ಹೆಂಗಿದಾರೆ?”

ಹನುಮೇಶ್ ಬಾಯಿ ತೆರೆದ. ಅವನಿಗಿಂತ ಮುಂಚೆ ಏಕಾಂತಮ್ಮ, “ಚೆನ್ನಾಗಿ ಅದಾಳೆ ಸಾರ್” ಎಂದಳು.

“ಈಗ ಯಾರು ಎತ್ತುತಾರೆ?”

“ಇವನೇ ಎತ್ತತಾನೆ. ತಮ್ಮ. ಮೊದಲು ಬರ್ತಿರಲಿಲ್ಲ, ಕಲ್ತ್ಕಂಡ.”

“ಒಳ್ಳೇದಾಯ್ತು” ಎಂದು ಡಾಕ್ಟರು ಹನುಮೇಶನ ಕಡೆ ನೋಡಿ ನಕ್ಕು ಚೀಟಿ ಹರಿದು ಕೊಟ್ಟರು. “ಅವರಿಗೂ ಬಿಸಿಲಲ್ಲಿ ನೀರು ಚೆನ್ನಾಗಿ ಕುಡಿಸ್ರಿ.”

ಹೊರಗೆ ಬಂದ ಮೇಲೆ ಹನುಮೇಶ್ ಮುಂದೆ ಹೋಗಲಾರದೆ ಆಸ್ಪತ್ರೆಯ ಕಾಂಪೌಂಡಿನ ಕಟ್ಟೆಯ ಮೇಲೆ ಕೂತುಬಿಟ್ಟ. ಚೀಟಿ ಕೈಯಲ್ಲೇ ಮುದುಡಿತ್ತು. ದಾರಿಯಲ್ಲಿ ಹೋಗುವವರು ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಆ ಗಂಡಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಏಕಾಂತಮ್ಮ ಅವನ ಪಕ್ಕದಲ್ಲಿ ಮೆಲ್ಲಗೆ ಕೂತಳು.

“ಯಾಕವ್ವ ಹಂಗಂದೆ?” ಎಂದ ಅವನು, ಮುಖ ಒರೆಸಿಕೊಂಡು.

“ಗೊತ್ತಿಲ್ಲ ಕಣಪ್ಪ.” ಅವಳು ಎದುರಿನ ರಸ್ತೆಯ ಬಿಸಿಲು ನೋಡುತ್ತಿದ್ದಳು. “ಎಲ್ರಿಗೂ ಗೊತ್ತಾಗಿ ಹೋಗೈತೆ. ಆ ಡಾಕ್ಟ್ರಿಗೊಬ್ಬರಿಗೆ ಗೊತ್ತಿರಲಿಲ್ಲ. ಅವರ ಹತ್ರನಾರ ಅವಳು ಇರಲಿ ಅನ್ನಿಸ್ತು.”

ಅವನು ಅವ್ವನ ಕೈ ಹಿಡಿದುಕೊಂಡ. ಆಟೋಗಳು ಬಂದು ನಿಂತು, ಇವರು ಏಳದಿರುವುದನ್ನು ಕಂಡು ಮುಂದೆ ಹೋದವು. ಮೊದಲ ಸಲ ಏಕಾಂತಮ್ಮನಿಗೂ ಅಳು ಬಂತು. ಮಗಳನ್ನು ಮಣ್ಣಿಗೆ ಇಳಿಸಿದಾಗಲೂ ಬಾರದಿದ್ದ ಅಳು ಅದು. ಅದು ಬಂದಾಗ ಅವಳ ಇಡೀ ಮೈ ಬಾಗಿ ಮಗನ ಮಡಿಲಿಗೆ ಬಿತ್ತು, ಅವನು ಹಿಡಿದುಕೊಂಡ.